ಕೆರೆಯುವ ಚೈನಾ ಪೆನ್ನು

ತಂಗಿಯ ಮಗಳು ಈಚೆಗೆ ಬ್ಯಾಂಕಿಗೆ ಸೇರಿದಳು. ಸೇರಿದ ವಾರಕ್ಕೇ ಫೋನ್ ಮಾಡಿ, "ದೊಡ್ಡವ್ವ, ಕುಂತು ಕುಂತು ಸೊಂಟ ಹಿಡದೈತಿ. ನೀ ಅಷ್ಟು ವರ್ಷ ಹೆಂಗ ಕುಂತಿ?" ಎಂದು ಕೇಳಿದಳು. ನಾನು ಕೂತೇ ಇರಲಿಲ್ಲ ಎನ್ನುವುದು ಅದಕ್ಕೆ ಸರಿಯಾದ ಉತ್ತರ. ಫೋನಿನಲ್ಲಿ ಹಾಗೆಂದರೆ ತಮಾಷೆ ಅಂದುಕೊಳ್ಳುತ್ತಾಳೆ. ಅದಕ್ಕೇ ಬರೆಯಲು ಕೂತಿದ್ದೇನೆ. ಇಷ್ಟು ಬರೆಯುವುದರೊಳಗೇ ಎರಡು ಸಲ ಎದ್ದು ಅಂಗಳಕ್ಕೆ ಹೋಗಿ ಬಂದೆ.

ಯಾವಾಗ ಆಫೀಸರ್ ಆದೆ, ಯಾವಾಗ ಸೀನಿಯರ್ ಆದೆ ಎಂಬುದನ್ನೆಲ್ಲ ಬಿಡುತ್ತೇನೆ. ಅದರಲ್ಲಿ ಕಲಿಯುವಂಥದ್ದೇನೂ ಇಲ್ಲ. ಆಗ ನನ್ನ ಕೆಲಸ ಏನಿತ್ತು ಎಂದರೆ, ಸಹಿ ನೋಡುವುದು. ಬಂದವರು ಚೀಟಿಯ ಮೇಲೆ ಸಹಿ ಮಾಡುತ್ತಾರೆ. ಖಾತೆ ತೆರೆದಾಗ ಮಾಡಿದ ಮಾದರಿ ಸಹಿ ನಮ್ಮ ಕಾರ್ಡಿನಲ್ಲಿರುತ್ತದೆ. ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿ, ಹೌದು ಅಥವಾ ಅಲ್ಲ ಅನ್ನಬೇಕು. ಕೇಳಲಿಕ್ಕೆ ಇಷ್ಟೇ. ಹೌದು ಅಂದ ಮೇಲೆ ಏನಾದರೂ ಹೆಚ್ಚುಕಡಿಮೆಯಾದರೆ ಕುತ್ತಿಗೆ ನಮ್ಮದು. ಅಲ್ಲ ಅಂದರೆ ಎದುರಿಗಿದ್ದವನ ಮಾನ ಹೋಯಿತು. ಯಾವ ಮನುಷ್ಯನಿಗೂ "ಇದು ನೀನಲ್ಲ" ಎಂದು ಹೇಳುವುದು ಸಣ್ಣ ಮಾತಲ್ಲ.

ಎರಡು ಸಾವಿರದ ಆಚೀಚೆ ನನಗೆ ತಿರುವನಂತಪುರಕ್ಕೆ ವರ್ಗವಾಯಿತು. ಗಂಡ ಧಾರವಾಡದ ಕಾಲೇಜಿನಲ್ಲಿ ಮೇಷ್ಟರು, ಬರಲಿಲ್ಲ. ಕಳಕ್ಕೂಟಂನ ಒಂದು ಫ್ಲಾಟಿನಲ್ಲಿ, ಐಟಿ ಪಾರ್ಕಿಗೆ ಹೋಗುವ ಮೈಸೂರಿನ ಇಬ್ಬರು ಹುಡುಗಿಯರ ಜೊತೆ ಸೇರಿಕೊಂಡೆ. ಅವರು ನನ್ನ ಧಾರವಾಡದ ಮಾತು ಕೇಳಿ ನಗುತ್ತಿದ್ದರು, ನಾನು ಅವರ ತೆಳ್ಳನೆಯ ಸಾರು ಕಂಡು ನಗುತ್ತಿದ್ದೆ. ಸಂಜೆ ಅವರು ಟಿವಿ ಮುಂದೆ ಕೂತರೆ ನನಗೆ ಆ ಮನೆಯಲ್ಲಿ ಉಸಿರು ಕಟ್ಟಿದಂತಾಗುತ್ತಿತ್ತು. ಚಿಕ್ಕಂದಿನಿಂದಲೂ ಹಾಗೆಯೇ. ಕಾಲಿಗೆ ಚಕ್ರ ಕಟ್ಟಿಕೊಂಡೇ ಹುಟ್ಟಿದ್ದಾಳೆ ಎಂದು ನಮ್ಮವ್ವ ಬೈಯುತ್ತಿದ್ದಳು.

ಚೈನಾ ಪೆನ್ನಿನ ಹುಚ್ಚು ಹಿಡಿದದ್ದು ಅಲ್ಲಿಯೇ. ಗಲ್ಫಿನಿಂದ ಮರಳಿದ್ದ ಒಬ್ಬ ಗಿರಾಕಿ ಕೌಂಟರಿನಲ್ಲಿ ನಿಂತು ಶಾಯಿ ಪೆನ್ನಿನಲ್ಲಿ ಚೀಟಿ ತುಂಬುತ್ತಿದ್ದ. ನನ್ನ ಬಾಲ್ ಪೆನ್ನು ಅದೇ ಹೊತ್ತಿಗೆ ನಿಂತುಹೋಗಿತ್ತು. ಅವನದನ್ನು ಇಸಿದುಕೊಂಡು ಒಂದು ಸಹಿ ಹಾಕಿದೆ. ಪೆನ್ನು ನನ್ನ ಕೈಗಿಂತ ಮುಂದೆ ಓಡಿತು. ನನ್ನಂಥವಳಿಗೆ ಬೇಕಾದದ್ದು ಅದೇ. ಅವನು ನಕ್ಕು, ಹಿಂದೆಲ್ಲ ಗಲ್ಫಿನಿಂದ ಬರುವವರ ಪೆಟ್ಟಿಗೆಯಲ್ಲಿ ಸೆಂಟು, ಟಾರ್ಚು, ಚೈನಾ ಪೆನ್ನು ಮೂರೂ ಇರಲೇಬೇಕಿತ್ತು, ಯಾವುದೊಂದು ಕಡಿಮೆಯಾದರೂ ಹೆಂಡತಿಯ ತವರಿನವರು ಮುಖ ಊದಿಸುತ್ತಿದ್ದರು ಎಂದ.

ಹಾಗಾದರೆ ಆ ಪೆನ್ನುಗಳೆಲ್ಲ ಈಗ ಎಲ್ಲಿವೆ ಎಂಬ ಯೋಚನೆ ತಲೆಗೆ ಹೊಕ್ಕಿತು. ಅಂದಿನಿಂದ ಸಂಜೆಯಾದರೆ ಚಾಲ ಬಜಾರು. ಹಳೆ ಸ್ಟೇಷನರಿ ಅಂಗಡಿಗಳಲ್ಲಿ ಮಾರಾಟವಾಗದೆ ಉಳಿದ ಮಾಲು, ಗುಜರಿಯವರ ಬುಟ್ಟಿ, ವಾಚು ರಿಪೇರಿಯವರ ಗಾಜಿನ ಪೆಟ್ಟಿಗೆ, ಯಾವುದನ್ನೂ ಬಿಡಲಿಲ್ಲ. ಮಲಯಾಳ ಬರುತ್ತಿರಲಿಲ್ಲ. "ಚೈನಾ ಪೇನ, ಪಳಯದು", ಅಂದರೆ ಹಳೆಯ ಚೈನಾ ಪೆನ್ನು, ಎಂಬ ಮೂರು ಪದಗಳಲ್ಲಿ ಇಡೀ ಬಜಾರು ಸುತ್ತಿದೆ. ಉಕ್ಕಿನ ಟೋಪಿ, ಅದರ ಮೇಲೆ ಉಗುರಿನಲ್ಲಿ ಗೀರಿದಷ್ಟು ಸಣ್ಣ ಚೀನೀ ಅಕ್ಷರ, ಬಾಣದಂಥ ಕ್ಲಿಪ್ಪು. ನಿಬ್ಬು ಪೂರ್ತಿ ಕಾಣುವುದಿಲ್ಲ. ಚಿಪ್ಪಿನಿಂದ ಇಣುಕುವ ಆಮೆಯ ಮೂತಿಯಂತೆ ತುದಿಯಷ್ಟೇ ಹೊರಗೆ. ಇನ್ನೂ ಹಳೆಯವು ಸಿಕ್ಕರೆ ನಿಬ್ಬಿಗೆ ಚಿನ್ನ ಇರುತ್ತಿತ್ತು. ಅಂಥದೊಂದು ಸಿಕ್ಕ ದಿನ ಊಟ ಸೇರುತ್ತಿರಲಿಲ್ಲ.

ಮೋಸಹೋಗದೆ ಯಾರೂ ಪೆನ್ನು ಕೂಡಿಸಲು ಕಲಿತದ್ದಿಲ್ಲ. ಎಲ್ಲೋ ನಮ್ಮ ದೇಶದಲ್ಲೇ ಮಾಡಿ ಚೀನೀ ಅಕ್ಷರ ಕೊರೆದ ನಕಲಿಗಳನ್ನು ಹೆಮ್ಮೆಯಿಂದ ಮನೆಗೆ ತಂದಿದ್ದೇನೆ. ಅಸಲಿ ಸಿಕ್ಕಿದರೂ ಒಳಗಿನ ರಬ್ಬರ್ ನಳಿಗೆ ಬಿರುಕು ಬಿಟ್ಟಿರುತ್ತದೆ. ಹಳೆಯ ಪೆನ್ನು ಕೊಂಡ ದಿನವೇ ಶಾಯಿ ತುಂಬಬಾರದು. ನೀರು ತುಂಬಿ, ಕಾಗದ ಸುತ್ತಿ, ಬೆಳಗಿನವರೆಗೆ ನಿಲ್ಲಿಸಿ ನೋಡಬೇಕು. ಇದನ್ನು ಕಲಿಸಿದ್ದು ನಮ್ಮ ದೊಡ್ಡ ಸಾಹೇಬರ ಅಂಗಿ. ತಪಾಸಣೆಗೆ ಬಂದವರು ನನ್ನ ಹೊಸ ಪೆನ್ನು ಕೇಳಿ ಪಡೆದು, ಬರೆದು, ದೊಡ್ಡವರ ಅಭ್ಯಾಸದಂತೆ ತಮ್ಮ ಜೇಬಿಗೇ ಇಳಿಸಿಕೊಂಡರು. ಊಟದ ಹೊತ್ತಿಗೆ ಅವರ ಬಿಳಿ ಅಂಗಿಯ ಎದೆಯ ಮೇಲೆ ಅಂಗೈಯಗಲ ನೀಲಿ ಹರಡಿತ್ತು. ಅವರು ಕೈಚೀಲವನ್ನು ಎದೆಗೆ ಅವಚಿಕೊಂಡು ಹೊರಟೇಹೋದರು. ಆ ಸಲದಷ್ಟು ಬೇಗ ನಮ್ಮ ಶಾಖೆಯ ತಪಾಸಣೆ ಎಂದೂ ಮುಗಿದಿರಲಿಲ್ಲ.

ಕೆಲ ವರ್ಷಗಳ ನಂತರ ಕೊಚ್ಚಿಗೆ ವರ್ಗವಾಯಿತು. ಅಷ್ಟು ಹೊತ್ತಿಗೆ ಕೆಲಸದ ರೀತಿ ಬದಲಾಗತೊಡಗಿತ್ತು. ಮಾದರಿ ಸಹಿಯ ಕಾರ್ಡುಗಳನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಏರಿಸಬೇಕೆಂದು ಆಜ್ಞೆ ಬಂತು. ಭಾನುವಾರಗಳಲ್ಲಿ ನಾನೂ ಗೋವಿಂದ ಭಟ್ಟರೂ ಕೂತು ಅದನ್ನು ಮಾಡಿದೆವು. ಭಟ್ಟರು ನಮ್ಮ ಹೆಡ್ ಕ್ಯಾಶಿಯರ್, ಕಾಸರಗೋಡಿನ ಕಡೆಯವರು. ಇಡೀ ಶಾಖೆಯಲ್ಲಿ ಕನ್ನಡ ಬಲ್ಲವರು ನಾವಿಬ್ಬರೇ, ಆದರೆ ಅವರ ಕನ್ನಡ ನನಗೆ ಅರ್ಧ, ನನ್ನದು ಅವರಿಗೆ ಅರ್ಧ. ಆ ಕಾರ್ಡುಗಳನ್ನು ತಿರುವುತ್ತ ನನಗೊಂದು ಕಣ್ಣು ಬಂತು. ಯಾವ ಸಹಿ ಬಾಲ್ ಪೆನ್ನಿನದು, ಯಾವುದು ಶಾಯಿಯದು, ಯಾವುದು ಚೈನಾ ಪೆನ್ನಿನದು ಎಂದು ನೋಡಿದ ತಕ್ಷಣ ಹೇಳಬಲ್ಲವಳಾದೆ. ಪೆನ್ನು ಬದಲಾದರೆ ಮನುಷ್ಯನ ಸಹಿಯೂ ಸ್ವಲ್ಪ ಬದಲಾಗುತ್ತದೆ. ಕಂಪ್ಯೂಟರಿಗೆ ಈ ಮಾತು ಗೊತ್ತಿರಲಿಲ್ಲ, ಮ್ಯಾನೇಜರಿಗೂ ಗೊತ್ತಿರಲಿಲ್ಲ.

ಮ್ಯಾನೇಜರು ಕುರಿಯಾಕೋಸ್ ಸಾರ್ ಕೆಟ್ಟ ಮನುಷ್ಯರಲ್ಲ. ಹಿಂದಿನ ಒಂದು ಶಾಖೆಯಲ್ಲಿ ಅವರು ಪಾಸು ಮಾಡಿದ ಸಹಿ ಖೊಟ್ಟಿಯೆಂದು ತಿಳಿದು, ವಿಚಾರಣೆ ವರ್ಷಗಟ್ಟಲೆ ಎಳೆದಾಡಿತ್ತು. ಕೊನೆಗೆ ತಪ್ಪಿಲ್ಲವೆಂದು ಬಿಟ್ಟರು. ಆದರೆ ಆ ವರ್ಷಗಳಲ್ಲಿ ಅವರ ತಲೆ ಪೂರ್ತಿ ಬೆಳ್ಳಗಾಗಿತ್ತು. ಹಾಗಾಗಿ ಸಹಿಯಲ್ಲಿ ಒಂದು ಬಾಲ ಉದ್ದವಾದರೂ ಅವರು ಚೀಟಿಯನ್ನು ವಾಪಸು ಕಳಿಸುತ್ತಿದ್ದರು. ಮೇಲಿನವರನ್ನು ಬೈಯುವ ಮೊದಲು ಅವರಿಗೆ ಎಲ್ಲಿ ಬರೆ ಬಿದ್ದಿದೆ ಎಂದು ತಿಳಿದುಕೊಳ್ಳಿ. ನನಗೆ ಇದನ್ನು ಹೇಳಿದ್ದು ಭಟ್ಟರು, ಅದೂ ನಾನು ಸಾಕಷ್ಟು ಬೈದಾದ ಮೇಲೆ.

ಕೊಚ್ಚಿಯಲ್ಲಿ ನನ್ನ ಸಂಜೆಗಳು ಮಟ್ಟಾಂಚೇರಿಗೆ ಹೋದವು. ಕೆಲಸ ಬಿಟ್ಟೊಡನೆ ಬೋಟು ಹತ್ತಿದರೆ ಆಚೆ ದಡ. ಅಲ್ಲಿ ಉಸ್ಮಾನಿಕ್ಕ ಎಂಬ ಮುದುಕರ ಕಾಗದದ ಅಂಗಡಿ ಇತ್ತು. ಸಿಂಗಾಪುರಕ್ಕೆ ಹೋಗಿ ಬರುವ ಹಡಗಿನವರಿಂದ ಅವರ ಮನೆಯವರು ಹಿಂದೆ ಚೈನಾ ಪೆನ್ನು ಕೊಂಡು ಮಾರುತ್ತಿದ್ದರಂತೆ. ಒಂದು ದಿನ ಅವರು ಗಲ್ಲಾದ ತಳದಿಂದ ಕಡುಹಸಿರು ಮೈಯ ಪೆನ್ನೊಂದನ್ನು ತೆಗೆದು ಕೊಟ್ಟರು. ಐವತ್ತು ವರ್ಷ ಹಳೆಯದಿರಬಹುದು. ಉಕ್ಕಿನ ಟೋಪಿ ಮಾಸಿ ಬೂದಿ ಬಣ್ಣಕ್ಕೆ ತಿರುಗಿತ್ತು, ನಿಬ್ಬು ಚಿನ್ನದ್ದು. ಬೋಟಿನಲ್ಲಿ ಮರಳುವಾಗ ಅದನ್ನು ಕರ್ಚೀಫಿನಿಂದ ನಾಲ್ಕಾರು ಸಲ ತೆಗೆದು ನೋಡಿದೆ.

ಶಾಯಿ ತುಂಬಿ ಬರೆದರೆ ಗರಗರ ಎಂದು ಕೆರೆಯಿತು. ಕಾಗದವೇ ಕಿತ್ತುಬಂತು. ಬೇರೆ ಶಾಯಿ ಹಾಕಿದೆ, ಬಿಸಿನೀರಲ್ಲಿ ತೊಳೆದೆ, ಹಾಳೆಯ ಕೆಳಗೆ ಪುಸ್ತಕ ಇಟ್ಟು ಬರೆದೆ, ಎದ್ದು ನಿಂತು ಬರೆದೆ. ಕೆರೆತ ನಿಲ್ಲಲಿಲ್ಲ. ಪೆನ್ನು ಕೆಟ್ಟದ್ದು ಎಂದು ಭಟ್ಟರ ಮುಂದೆ ಗೊಣಗಿದೆ.

"ಕುಣಿಯಲಿಕ್ಕೆ ಗೊತ್ತಿಲ್ಲದವಳಿಗೆ ಅಂಗಳವೇ ಓರೆಯಂತೆ," ಎಂದರು ಭಟ್ಟರು. "ಅದನ್ನು ಬ್ರಾಡ್‌ವೇ ಬಜಾರಿನಲ್ಲಿ ರಿಪೇರಿಗೆ ಕೊಡಿ ಮಾರಾಯ್ರೆ. ಕಲ್ಲಿಗೆ ಉಜ್ಜಿ ನಿಬ್ಬು ನಯ ಮಾಡಿ ಕೊಡ್ತಾರೆ. ಅದಕ್ಕೆಂತ ಇಷ್ಟು ತಲೆಬಿಸಿ?"

"ಕೊಡ್ತೀನ್ರೀ ಭಟ್ರ, ನಾಳೆ ಕೊಡ್ತೀನಿ," ಎಂದೆ. ಕೊಡಲಿಲ್ಲ. ಹಿಡಿದ ಒಂದು ಕೆಲಸ ಮುಗಿಸುವ ಮೊದಲೇ ಮನಸ್ಸು ಇನ್ನೊಂದಕ್ಕೆ ಹಾರುವ ರೋಗ ನನ್ನದು. ಪೆನ್ನು ಕನ್ನಡಕದ ಡಬ್ಬಿಯಲ್ಲಿ ಉಳಿದುಹೋಯಿತು.

ರಾಧಾಮಣಿ ಟೀಚರ್ ಬಂದದ್ದು ಆ ವರ್ಷದ ಮಳೆಗಾಲದಲ್ಲಿ. ಸರಕಾರಿ ಶಾಲೆಯಲ್ಲಿ ಚಿಕ್ಕ ಮಕ್ಕಳಿಗೆ ಅಕ್ಷರ ಕಲಿಸಿ ನಿವೃತ್ತರಾದವರು. ಪಿಂಚಣಿ ನಮ್ಮ ಶಾಖೆಗೆ ಬರುತ್ತಿತ್ತು. ಅವರ ಸಹಿ ನನಗೆ ಚೆನ್ನಾಗಿ ಗೊತ್ತಿತ್ತು. ದುಂಡಗೆ, ಒಂದೊಂದು ಅಕ್ಷರವೂ ಮಗ್ಗಿಪುಸ್ತಕದಲ್ಲಿ ಅಚ್ಚು ಮಾಡಿದಂತೆ. ಬಹಳ ದಿನ ಕಾಣಿಸದೆ ಅಂದು ಮಗಳ ತೋಳು ಹಿಡಿದು ಬಂದರು. ಪಾರ್ಶ್ವವಾಯು ಹೊಡೆದು ಬಲಗೈ ಸತ್ತಂತಾಗಿತ್ತು. ಮಾತು, ಬುದ್ಧಿ, ಕಣ್ಣು ಎಲ್ಲ ನೆಟ್ಟಗಿತ್ತು. ಕೌಂಟರಿಗೆ ಕಟ್ಟಿದ್ದ ಬಾಲ್ ಪೆನ್ನನ್ನು ಎಡಗೈಯಲ್ಲಿ ಹಿಡಿದು ಸಹಿ ಮಾಡಲು ನೋಡಿದರು. ಚೀಟಿಯ ಮೇಲೆ ನಾಲ್ಕು ಗೀರು ಬಿದ್ದವು, ಅಕ್ಷರ ಮೂಡಲಿಲ್ಲ.

ಕುರಿಯಾಕೋಸ್ ಸಾರ್ ತಾವೇ ಎದ್ದು ಬಂದು, ಕುರ್ಚಿ ಹಾಕಿಸಿ, ಚಹಾ ತರಿಸಿ, ಮೃದುವಾಗಿ ಹೇಳಿದರು: ಕಷ್ಟಪಡಬೇಡಿ, ನಿಯಮದಲ್ಲಿ ದಾರಿಯಿದೆ, ಎಡಗೈ ಹೆಬ್ಬೆಟ್ಟು ಒತ್ತಿದರೆ ಸಾಕು, ಇಬ್ಬರು ಸಾಕ್ಷಿ ಹಾಕುತ್ತೇವೆ. ಹೇಳುತ್ತಲೇ ಶಾಯಿಯ ಪ್ಯಾಡನ್ನು ಮೇಜಿನ ಮೇಲೆ ತಂದಿಟ್ಟರು. ಟೀಚರ್ ಆ ಪ್ಯಾಡನ್ನು ಬೆರಳ ತುದಿಯಿಂದ ಹಿಂದಕ್ಕೆ ದೂಡಿದರು.

ಆಮೇಲೆ ಹೇಳಿದ ಮಾತನ್ನು ಅವರು ಜೋರಾಗಿ ಹೇಳಲಿಲ್ಲ. ಸಾಕ್ಷರತೆಯ ಚಳವಳಿ ನಡೆದಾಗ ಮೀನು ಮಾರುವ ಹೆಂಗಸರನ್ನು ಸಂಜೆ ಕೂರಿಸಿಕೊಂಡು, ಅವರ ಹೆಸರು ಅವರೇ ಬರೆಯುವಂತೆ ಮಾಡಿದವರು ಇವರು. ಇನ್ನು ಮುಂದೆ ಯಾವ ಕಾಗದಕ್ಕೂ ಹೆಬ್ಬೆಟ್ಟು ಒತ್ತುವುದಿಲ್ಲ ಎಂದು ಅವರಿಂದ ಮಾತು ತೆಗೆದುಕೊಂಡಿದ್ದರಂತೆ. "ಅವರೆಲ್ಲ ಇದೇ ಬ್ಯಾಂಕಿಗೆ ಬರುತ್ತಾರೆ, ಸಾರೆ. ಅವರ ಎದುರಿಗೆ ನಾನು ಹೆಬ್ಬೆಟ್ಟು ಒತ್ತಲಾ?"

ಸಾರ್ ಪ್ಯಾಡನ್ನು ಮುಚ್ಚಿ ಬದಿಗಿಟ್ಟರು. ಬೇಕಿದ್ದರೆ ಎಡಗೈಯ ಸಹಿಯನ್ನೇ ಹೊಸ ಕಾರ್ಡಿಗೆ ತೆಗೆದುಕೊಳ್ಳಬಹುದು, ಆದರೆ ಮೂರು ಸಲ ಮಾಡಿದರೆ ಮೂರೂ ಒಂದೇ ಸಮ ಇರಬೇಕು, ತಮ್ಮ ಕಣ್ಣೆದುರೇ ಮಾಡಬೇಕು, ಎಂದರು. ನೆಲೆ ನಿಲ್ಲದ ಸಹಿಯನ್ನು ಯಾರು ಬೇಕಾದರೂ ಬರೆದುಕೊಂಡು ಬರಬಹುದು ಎಂಬುದು ಅವರ ಹೆದರಿಕೆ. ಮಗಳಿಗೆ ತಾಳ್ಮೆ ಮುಗಿದಿತ್ತು. ಓಣಂವರೆಗೆ ನೋಡುತ್ತೇನೆ, ಆಗದಿದ್ದರೆ ಅಮ್ಮನ ಖಾತೆಯ ವ್ಯವಹಾರವನ್ನು ನನ್ನ ಹೆಸರಿಗೆ ಬರೆಸಿಕೊಳ್ಳುತ್ತೇನೆ, ಎಂದಳು. ಅವಳದ್ದೂ ತಪ್ಪಲ್ಲ, ಆಸ್ಪತ್ರೆ, ಔಷಧಿ, ಆಫೀಸು ಎಲ್ಲ ಅವಳೊಬ್ಬಳ ತಲೆಯ ಮೇಲಿತ್ತು. ಟೀಚರ್ ಪಿಂಚಣಿ ತೆಗೆಯದೆಯೇ ಎದ್ದು ಹೋದರು.

ಆ ದಿನ ನನಗೆ ಕೆಲಸ ಸಾಗಲಿಲ್ಲ. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಬದುಕಿನುದ್ದಕ್ಕೂ ತನ್ನ ಹೆಸರು ತಾನು ಬರೆದ ಹೆಂಗಸಿಗೆ ಇನ್ನು ನಿನ್ನ ಹೆಸರು ಬೇರೆಯವರು ಬರೆಯುತ್ತಾರೆ ಅಂದರೆ ಹೇಗಾಗಬೇಡ? ನನಗೆ ಸಿಟ್ಟು ಬಂದಿತ್ತು, ಆದರೆ ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಬಾಲ್ ಪೆನ್ನಿನ ಮೇಲೆ ಬಂದಿರಬೇಕು. ಅದನ್ನು ಒತ್ತಿ ಬರೆಯಬೇಕು. ಬಲವಿಲ್ಲದ ಕೈಗೆ ಅದು ಆಗದ ಮಾತು. ಶಾಯಿ ಪೆನ್ನಿಗೆ ಒತ್ತಡ ಬೇಡ, ಮುಟ್ಟಿಸಿದರೆ ಸಾಕು. ನನ್ನ ಹತ್ತಿರ ಡಬ್ಬಿ ತುಂಬ ಪೆನ್ನುಗಳಿದ್ದವು.

ಮುಂದಿನ ಭಾನುವಾರ ಊಟದ ಡಬ್ಬಿಯಲ್ಲಿ ಬಟ್ಟೆ ಹಾಸಿ, ಆಯ್ದ ಪೆನ್ನುಗಳನ್ನು ಮಲಗಿಸಿಕೊಂಡು ಕಾಕ್ಕನಾಡಿನ ಬಸ್ಸು ಹತ್ತಿದೆ. ಅಲ್ಲಿ ಟೀಚರ್ ಇದ್ದ ಮಗಳ ಫ್ಲಾಟು ಹೊಸದು, ಇನ್ನೂ ಸುಣ್ಣದ ವಾಸನೆ ಹೋಗಿರಲಿಲ್ಲ. ಟೀಚರ್ ಬಾಲ್ಕನಿಯಲ್ಲಿ ತೊಡೆಯ ಮೇಲೆ ಸ್ಲೇಟು ಇಟ್ಟುಕೊಂಡು ಎಡಗೈಯಲ್ಲಿ ಬರೆಯುತ್ತಿದ್ದರು. ಸ್ಲೇಟಿನ ಮೇಲೆ ಅಕ್ಷರ ಬರುತ್ತಿತ್ತು! ಸೊಟ್ಟಗಿದ್ದರೂ ಅಕ್ಷರವೇ. ಕಾಗದಕ್ಕೆ ಬಂದರೆ ಹೋಗುತ್ತಿತ್ತು. ನನ್ನ ಅತ್ಯುತ್ತಮ ಪೆನ್ನುಗಳನ್ನು ಒಂದೊಂದಾಗಿ ಕೊಟ್ಟೆ. ಬಳುಕುವ ಚಿನ್ನದ ನಿಬ್ಬು ಕಾಗದಕ್ಕೆ ಚುಚ್ಚಿಕೊಂಡು ಶಾಯಿ ಸಿಡಿಸಿತು. ಗಟ್ಟಿ ನಿಬ್ಬು ಅರ್ಧ ಅಕ್ಷರಕ್ಕೆ ನಿಂತಿತು. ಅವರು ಉಟ್ಟಿದ್ದ ಬಿಳಿ ಮುಂಡಿನ ಮೇಲೆಲ್ಲ ನೀಲಿ ಚುಕ್ಕೆಗಳಾದವು.

"ಮೋಳೆ, ಇದು ಪೆನ್ನಿನ ತಪ್ಪಲ್ಲ," ಎಂದರು ಅವರು, ಮಗಳೇ ಎಂದು ಕರೆದು, ಮಗುವನ್ನು ಸಮಾಧಾನ ಮಾಡುವಂತೆ. ಅವರಿಂದ ಸಮಾಧಾನ ಮಾಡಿಸಿಕೊಂಡು ಬಂದದ್ದು ನನಗೆ ಇನ್ನಷ್ಟು ಚುಚ್ಚಿತು.

ಬಸ್ಸಿನಲ್ಲಿ ಬರುತ್ತ, ತೊಡೆಯ ಮೇಲೆ ಎಡಗೈಯ ಬೆರಳಿನಿಂದ ನನ್ನದೇ ಹೆಸರು ಬರೆದು ನೋಡಿದೆ. ಆಗ ತಿಳಿಯಿತು. ಬಲಗೈಯವರು ಪೆನ್ನನ್ನು ಎಳೆಯುತ್ತಾರೆ, ಎಡಗೈಯವರು ದೂಡುತ್ತಾರೆ. ಕನ್ನಡದಂತೆ ಮಲಯಾಳವೂ ದುಂಡು ಅಕ್ಷರದ ಭಾಷೆ, ಅದರಲ್ಲಿ ತಿರುವುಗಳೇ ಹೆಚ್ಚು. ಎಳೆದು ಎಳೆದು ಸವೆದ ನಿಬ್ಬನ್ನು ದೂಡಿದರೆ ಅದು ಚುಚ್ಚದೆ ಇನ್ನೇನು ಮಾಡೀತು?

ಮಾರನೆಯ ದಿನ ಊಟದ ಬಿಡುವಿನಲ್ಲಿ ಭಟ್ಟರ ಮೇಜಿನ ಮೇಲೆ ಎಲ್ಲ ಪೆನ್ನುಗಳನ್ನೂ ಹರಡಿ, ಎಡಗೈಯಲ್ಲಿ ಒಂದೊಂದನ್ನೇ ಪರೀಕ್ಷೆ ಮಾಡಿದೆ. ಭಟ್ಟರು ಮೊಸರನ್ನ ಉಣ್ಣುತ್ತ, ಇವರಿಗೆ ತಲೆ ಸರಿಯಿಲ್ಲ ಎಂಬಂತೆ ನೋಡುತ್ತಿದ್ದರು. ಒಂದೂ ಸರಿಯಾಗಲಿಲ್ಲ. ಕೊನೆಗೆ ಕನ್ನಡಕದ ಡಬ್ಬಿಯಲ್ಲಿ ಬಿದ್ದಿದ್ದ ಕಡುಹಸಿರು ಪೆನ್ನು ತೆಗೆದೆ. ಅದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಎಡಗೈಯಲ್ಲಿ ಹಿಡಿದು ದೂಡಿದೆ.

ಅದು ಕೆರೆಯಲಿಲ್ಲ. ಎಣ್ಣೆ ಹಚ್ಚಿದ ಕಾವಲಿಯ ಮೇಲೆ ಹಿಟ್ಟು ಹರಡಿದಂತೆ ಸರ್ರನೆ ಹೋಯಿತು. ಬಲಗೈಗೆ ತೆಗೆದುಕೊಂಡೆ, ಗರಗರ. ಎಡಗೈಗೆ ಕೊಟ್ಟೆ, ಸದ್ದಿಲ್ಲ. ಭಟ್ಟರು ತುತ್ತು ಕೈಯಲ್ಲೇ ಹಿಡಿದು ಎದ್ದು ನಿಂತರು.

"ಯಾವನೋ ಎಡಚ ಬರೆದ ಪೆನ್ನು ಇದು," ಎಂದರು. "ರಿಪೇರಿಗೆ ಕೊಡದಿದ್ದದ್ದು ಒಳ್ಳೇದಾಯ್ತು ಮೇಡಂ."

ಸಂಜೆ ಬೋಟು ಹತ್ತಿ ಉಸ್ಮಾನಿಕ್ಕನ ಅಂಗಡಿಗೆ ಓಡಿದೆ. ಹೌದಂತೆ. ಅದು ಅವರ ತೀರಿಹೋದ ಅಣ್ಣನ ಪೆನ್ನು. ಚಿಕ್ಕವನಿದ್ದಾಗ ಎಡಗೈಯಲ್ಲಿ ಬರೆಯುತ್ತಾನೆಂದು ಹೊಡೆತ ತಿಂದರೂ ಬಿಡಲಿಲ್ಲವಂತೆ. ಸಾಯುವವರೆಗೂ ಅಂಗಡಿಯ ಬರವಣಿಗೆಯೆಲ್ಲ ಎಡಗೈಯಲ್ಲೇ. ಅಷ್ಟು ವರ್ಷ ದೂಡಿ ದೂಡಿ ನಿಬ್ಬು ಅವನ ಕೈಗೆ ಸವೆದಿತ್ತು. ಹಳೆಯ ಪೆನ್ನು ಕೂಡಿಸುವವರಿಗೆ ಒಂದು ಮಾತು ಹೇಳುತ್ತೇನೆ: ಕೆರೆಯುವ ನಿಬ್ಬನ್ನು ಕಂಡೊಡನೆ ಕಲ್ಲಿಗೆ ಉಜ್ಜಬೇಡಿ. ಅದು ಇನ್ನೊಬ್ಬರ ಕೈಯನ್ನು ನೆನಪಿಟ್ಟುಕೊಂಡಿರಬಹುದು.

ಮುಂದಿನ ಭಾನುವಾರ ಟೀಚರ್ ಆ ಪೆನ್ನು ಹಿಡಿದು ಮೊದಲ ಅಕ್ಷರದ ಸುತ್ತು ಮುಗಿಸಿದರು. ಕಾಗದವನ್ನು ಕಣ್ಣಿನ ಹತ್ತಿರ ತಂದು ನೋಡಿ, ಮತ್ತೆ ಬರೆದರು. ನಾನು ಎದ್ದು ಬಾಲ್ಕನಿಗೆ ಹೋದೆ. ಆಮೇಲೆ ಭಾನುವಾರಗಳೆಲ್ಲ ಕಾಕ್ಕನಾಡಿಗೇ ಹೋದವು. ಅವರು ತಮ್ಮ ಹೆಸರು ಬರೆಯುತ್ತಿದ್ದರು. ನಾನು ಸುಮ್ಮನೆ ಕೂರಲಾರದೆ ಚಡಪಡಿಸುವುದನ್ನು ನೋಡಿ ನನಗೂ ಒಂದು ಹಾಳೆ ಕೊಟ್ಟು ಮಲಯಾಳ ಅಕ್ಷರ ತಿದ್ದಿಸಿದರು. ಅಭ್ಯಾಸಬಲದಿಂದ ನಾನು ಎಲ್ಲದಕ್ಕೂ ತಲೆಕಟ್ಟು ಹಾಕಿದರೆ, "ಇವಕ್ಕೆಲ್ಲ ಟೋಪಿ ಯಾಕೆ ಮೋಳೆ, ಮಳೆ ಬರುತ್ತಿದೆಯಾ?" ಎಂದು ಕೇಳುತ್ತಿದ್ದರು. ಮಗಳು ಮೊದಮೊದಲು ನನ್ನನ್ನು ಕಂಡರೆ ಮುಖ ಗಂಟು ಹಾಕುತ್ತಿದ್ದಳು. ಆಮೇಲೆ ಅವಳೂ ಪಾಯಸ ತಂದು ಕೊಟ್ಟು, ಅಮ್ಮನ ಹಾಳೆಗಳನ್ನು ಹಿಡಿದು ನೋಡತೊಡಗಿದಳು. ಆದರೂ ಓಣಂ ಗಡುವನ್ನು ಬಿಟ್ಟುಕೊಡಲಿಲ್ಲ.

ಪೆನ್ನಿನಿಂದ ಎಲ್ಲ ಸಲೀಸಾಯಿತು ಎಂದುಕೊಳ್ಳಬೇಡಿ. ಒಂದು ವಾರ ಚೆನ್ನಾಗಿ ಬಂದದ್ದು ಮುಂದಿನ ವಾರ ಹಾಳಾಗುತ್ತಿತ್ತು. ಒಂದು ಸಹಿ ದೊಡ್ಡದು, ಒಂದು ಸಣ್ಣದು. ಒಮ್ಮೆ ಅವರು ಇಡೀ ಹಾಳೆಯನ್ನು ಹಲ್ಲಿನಲ್ಲಿ ಕಚ್ಚಿ ಹರಿದುಬಿಟ್ಟರು, ಹರಿಯಲು ಇನ್ನೊಂದು ಕೈ ಇರಲಿಲ್ಲವಲ್ಲ. ನಾನು ಹೊರಡುವ ಹೊತ್ತಿಗೆ ಅವರು ಮತ್ತೆ ಹೊಸ ಹಾಳೆ ಕೇಳಿದರು.

ಓಣಂಗೆ ಮುಂಚಿನ ದಿನಗಳ ಬ್ಯಾಂಕನ್ನು ಕಂಡವರೇ ಬಲ್ಲರು. ಬಾಗಿಲ ಹೊರಗಿನವರೆಗೂ ಸಾಲು. ಅಂಥ ಒಂದು ಬೆಳಿಗ್ಗೆ ಟೀಚರ್ ಮಗಳೊಂದಿಗೆ ಬಂದರು, ಹೊನ್ನಿನ ಜರಿಯ ಅಂಚಿನ ಮುಂಡು ಉಟ್ಟು, ಪೆನ್ನನ್ನು ಮಕ್ಕಳ ಕಂಪಾಸು ಪೆಟ್ಟಿಗೆಯಲ್ಲಿ ಇಟ್ಟುಕೊಂಡು. ಕುರಿಯಾಕೋಸ್ ಸಾರ್ ತಮ್ಮ ಕೋಣೆಗೆ ಕರೆದು, ಹೊಸ ಕಾರ್ಡು ಮುಂದಿಟ್ಟರು. ನಾನು ಬಾಗಿಲಲ್ಲಿ ನಿಂತೆ. ನನ್ನ ಕೌಂಟರಿನ ಮುಂದೆ ಜನ ಗೊಣಗುತ್ತಿದ್ದರು, ಗೊಣಗಲಿ ಎಂದು ಬಿಟ್ಟೆ.

ಮೊದಲನೆಯದು ಬಂತು. ಎರಡನೆಯದೂ ಬಂತು, ಅದೇ ಓರೆ, ಅದೇ ಗಾತ್ರ. ಮೂರನೆಯದರಲ್ಲಿ ಕೈ ದಣಿಯಿತು. ಕಡೆಯ ಅಕ್ಷರದ ಸುತ್ತು ಮುಚ್ಚದೆ ಕೆಳಗೆ ಜಾರಿತು. ಮಗಳು ಕಣ್ಣು ಮುಚ್ಚಿಕೊಂಡಳು.

ಸಾರ್ ಕಾರ್ಡನ್ನು ಬಹಳ ಹೊತ್ತು ನೋಡಿದರು. ಆಮೇಲೆ, ಆ ವಿಚಾರಣೆಯ ನಂತರ ಯಾರಿಗೂ ಹೇಳದಿದ್ದ ಮಾತು ಹೇಳಿದರು. "ಸಾಕು ಟೀಚರೆ. ನನಗೆ ಒಪ್ಪಿಗೆ. ನಾನು ಪಾಸು ಮಾಡುತ್ತೇನೆ."

ಟೀಚರ್ ತಲೆಯಾಡಿಸಿದರು. "ಬೇಡ ಸಾರೆ. ಗ್ರೇಸ್ ಮಾರ್ಕು ನಾನು ಯಾವ ಮಗುವಿಗೂ ಕೊಟ್ಟವಳಲ್ಲ. ನನಗೂ ಬೇಡ. ಇನ್ನೊಂದು ಕಾರ್ಡು ಕೊಡಿ."

ಅವರು ಎಡಗೈಯನ್ನು ಮಡಿಲಲ್ಲಿ ಇಟ್ಟುಕೊಂಡು ದಣಿವಾರಿಸಿಕೊಂಡರು. ಮಗಳು ಬಗ್ಗಿ ಆ ಬೆರಳುಗಳನ್ನು ಒಂದೊಂದಾಗಿ ನೀವಿದಳು. ಹೊರಗೆ ಗಲಾಟೆ ಏರುತ್ತಿತ್ತು, ಸಾರ್ ಗಡಿಯಾರ ನೋಡಲಿಲ್ಲ. ಆಮೇಲೆ ಟೀಚರ್ ಪೆನ್ನು ತೆಗೆದುಕೊಂಡು ಹೊಸ ಕಾರ್ಡಿನ ಮೇಲೆ ಒಂದರ ಕೆಳಗೊಂದು ಬರೆದರು. ಮೂರನೆಯದು ಮುಗಿದಾಗ ನಾನು ಹತ್ತಿರ ಹೋಗಿ ನೋಡಿದೆ. ನೋಡುವ ಅಗತ್ಯವಿರಲಿಲ್ಲ, ಆದರೂ ಅದು ನನ್ನ ಕೆಲಸ. ಮೂರೂ ಒಂದೇ ಕೈಯವು. ಹೌದು ಎಂದೆ. ಅಷ್ಟು ವರ್ಷಗಳಲ್ಲಿ ಎಷ್ಟೋ ಸಲ ಹೇಳಿದ ಆ ಪದವನ್ನು ಅಂದು ಹೇಳಿದಷ್ಟು ಸಂತೋಷದಿಂದ ನಾನು ಎಂದೂ ಹೇಳಿರಲಿಲ್ಲ.

ಆ ಪೆನ್ನನ್ನು ನಾನು ವಾಪಸು ಕೇಳಲಿಲ್ಲ. ಆಸೆ ಇರಲಿಲ್ಲ ಎಂದರೆ ಸುಳ್ಳಾದೀತು; ಅಷ್ಟು ಹಳೆಯ ಹಸಿರು ಪೆನ್ನು ನನಗೆ ಮತ್ತೆ ಸಿಗಲಿಲ್ಲ, ಆಮೇಲೆ ತಿರುವನಂತಪುರ, ಕೊಚ್ಚಿ ಎರಡೂ ಊರು ಸಾಕಷ್ಟು ಅಲೆದರೂ.

ಪಿಂಚಣಿಯ ಹಣವನ್ನು ಕೋಣೆಗೇ ತರಿಸುತ್ತೇನೆ ಎಂದು ಸಾರ್ ಹೇಳಿದರು. ಟೀಚರ್ ಒಪ್ಪಲಿಲ್ಲ. ಹೊರಗೆ ಬಂದು ಎಲ್ಲರಂತೆ ಸಾಲಿನಲ್ಲಿ ನಿಂತರು. ಜಾಗ ಬಿಟ್ಟುಕೊಟ್ಟವರಿಗೂ ಬೇಡವೆಂದರು. ಅವರ ಸರದಿ ಬಂದಾಗ ಭಟ್ಟರ ಕೌಂಟರಿನ ಮೇಲೆ ಚೀಟಿ ಇಟ್ಟು, ಎಲ್ಲರಿಗೂ ಕಾಣುವಂತೆ ಎಡಗೈಯಲ್ಲಿ ಸಹಿ ಮಾಡಿದರು. ಅವರ ಹಿಂದೆ ಮೀನು ಮಾರುವ ಒಬ್ಬ ಹೆಂಗಸು ನಿಂತಿದ್ದಳು, ನಡುವಯಸ್ಸು ದಾಟಿದವಳು. ಅವಳು ಕತ್ತು ಚಾಚಿ ಚೀಟಿ ನೋಡಿದಳು. ತುಟಿ ಅಲ್ಲಾಡಿಸುತ್ತ ಒಂದೊಂದೇ ಅಕ್ಷರ ಕೂಡಿಸಿ ಓದಿದಳು.

"ಟೀಚರೆ, ಕಡೆಯ ಅಕ್ಷರ ಸ್ವಲ್ಪ ವಾಲಿದೆ," ಎಂದಳು.

ಟೀಚರ್ ತಿರುಗಿ ಅವಳನ್ನು ನೋಡಿದರು. ಗುರುತು ಸಿಕ್ಕಿತು.

"ವಾಲಲಿ ಬಿಡು," ಎಂದರು. "ನಿನಗೆ ಓದಲು ಬಂತಲ್ಲ."